ಚಿಕ್ಕರಾಜು ಬಾಯಿ ಮುಚ್ಚಿದ ದಿನ

ಹುಲಿಕುಂಟೆ ಹೋಬಳಿಯ ಆ ಹಟ್ಟಿಯಲ್ಲಿ ಚಿಕ್ಕರಾಜುವಿಗೆ ಫೋನು ಯಾಕೆ ಬೇಕಿತ್ತೋ ಎಂದು ಜನ ಇವತ್ತಿಗೂ ಆಡಿಕೊಳ್ಳುತ್ತಾರೆ. ಗುಡ್ಡದ ಹಿಂದೆ ನಿಂತು ಅವನು ‘ಹೋ… ಹುರ್ರೋ’ ಎಂದು ಕುರಿ ಕರೆದರೆ ಕೆರೆಯಲ್ಲಿ ಬಟ್ಟೆ ಒಗೆಯುವವರು ಕೈ ನಿಲ್ಲಿಸಿ ತಲೆ ಎತ್ತುತ್ತಾರೆ. ಫೋನು ಕಿವಿಗಿಟ್ಟುಕೊಂಡಾಗಲೂ ಅದೇ ಗಂಟಲು. ಶಿರಾದಲ್ಲಿರುವ ಅವನ ತಂಗಿಗೆ ಫೋನಿಗಿಂತ ಮೊದಲು ಗಾಳಿಯಲ್ಲೇ ಸುದ್ದಿ ಮುಟ್ಟಿರುತ್ತದೆ ಎಂಬುದು ಪಕ್ಕದ ಮನೆಯ ಮುದುಕಿ ಕ್ಯಾತಮ್ಮನ ತೀರ್ಮಾನ. ಉಪವಾಸ ಬೇಕಾದರೂ ಇದ್ದಾನು, ಬಾಯಿ ಮುಚ್ಚಿಕೊಂಡು ಇರಲಾರ ಎಂದು ಹಟ್ಟಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು.

ಬರೀ ಮಾತಾಗಿದ್ದರೆ ಹೇಗೋ ಸಹಿಸಿಕೊಳ್ಳಬಹುದಿತ್ತು. ಆದರೆ ಅವನಿಗೆ ಉಪಕಾರ ಮಾಡುವ ಚಟವೂ ಇತ್ತು. ಯಾರೂ ಕರೆಯದೆ ಹೋಗುವವನು, ಯಾರು ಬೇಡವೆಂದರೂ ಕೇಳದವನು. ಶಾಲೆಯ ಹುಣಸೆಮರದಲ್ಲಿ ಹೆಜ್ಜೇನು ಕಟ್ಟಿದೆ, ಮಕ್ಕಳಿಗೆ ಕಚ್ಚೀತು ಎಂದು ಒಂದು ದಿನ ಹಸಿ ಸೊಪ್ಪಿನ ಹೊಗೆ ಹಾಕಿದ. ಮಕ್ಕಳು ಮನೆಗೆ ಓಡಿ ಬಚಾವಾದರು. ಜಯರಾಮಯ್ಯ ಮೇಷ್ಟ್ರು ಮಾತ್ರ ಊದಿದ ಮುಖ ಹೊತ್ತು ವಾರವಿಡೀ ಪಾಠ ಮಾಡಿದರು. ಮಳೆ ಬರುತ್ತದೆ, ಇಂದ್ರಮ್ಮನ ಮನೆ ಸೋರುತ್ತದೆ ಎಂದು ಟಾರ್ಪಾಲು ಹೊದಿಸಲು ಹೆಂಚಿನ ಮೇಲೆ ಹತ್ತಿದವನು ಹೆಂಚು ಒಡೆದುಕೊಂಡು ಸೀದಾ ಅಡುಗೆಮನೆಗೆ ಇಳಿದಿದ್ದ. ಅವತ್ತು ಮಳೆಯೂ ಬಂತು. ಇಂದ್ರಮ್ಮ ಬೈಯಬೇಕೆಂದು ಹೊರಟವಳು, ಒಲೆಯ ಬೂದಿ ಮೆತ್ತಿಕೊಂಡ ಅವನ ಮುಖ ನೋಡಿ ಬೈಯಲಾರದೆ ನಕ್ಕುಬಿಟ್ಟಳಂತೆ.

ಅವನ ಹೆಂಡತಿ ಯಶೋದ ಅವನನ್ನು ನೋಡಿ ಮೊದಲ ಸಲ ನಕ್ಕದ್ದು ಮದುವೆಯ ದಿನವೇ. ಅವಳು ಪಾವಗಡದ ಕಡೆಯವಳು, ನಾಗಲಮಡಿಕೆ ಹತ್ತಿರದ ಹುಡುಗಿ, ಚಿಕ್ಕರಾಜುವಿನ ಸೋದರಮಾವನ ಮಗಳು, ಅವನನ್ನು ಬಾವ ಎಂದೇ ಕರೆಯುವವಳು. ಗಂಡಿನ ಕಡೆಯವರು ಟೆಂಪೋದಲ್ಲಿ ಬರುತ್ತಿದ್ದರೆ ಮದುಮಗ ಮಾತ್ರ ಹೆಣ್ಣಿನ ಮನೆಯವರಿಗೆ ಖುಷಿಯಾಗಲೆಂದು ಬೈಕಿನ ಸೀಟಿನ ಮೇಲೆ ನಿಂತುಕೊಂಡು, ಎರಡೂ ಕೈ ಎತ್ತಿ ಬಂದ. ಚಪ್ಪರದ ಹತ್ತಿರ ತಿರುವಿತ್ತು. ತಿರುವಿನ ಪಕ್ಕ ತಿಪ್ಪೆಯಿತ್ತು. ಅಳಿಯನನ್ನು ಬಾವಿಕಟ್ಟೆಯಲ್ಲಿ ಎರಡನೇ ಸಲ ನೀರು ಹಾಕಿ ತೊಳೆಯುವಾಗ ಯಶೋದಳ ತಾಯಿ ಹಣೆ ಚಚ್ಚಿಕೊಂಡು, ತೆಲುಗು ಬೆರೆಸಿ, ‘ದೇವುಡಾ, ಎಂಥಾ ಅಲ್ಲುಡ್ನ ಕೊಟ್ಟೆಯಪ್ಪಾ’ ಎಂದಳು. ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಮದುಮಗಳೂ ನಕ್ಕಳು. ಆದರೆ ಇನ್ನು ಜೀವನಪೂರ್ತಿ ಜನ ನನ್ನ ಗಂಡನನ್ನು ನೋಡಿ ನಗುತ್ತಾರೆ, ಅವರ ಜೊತೆ ನಾನೂ ನಗಬೇಕಾಗುತ್ತದೆ ಎಂದು ಆ ಹುಡುಗಿಗೆ ಆಗಲೇ ಅನ್ನಿಸಿತ್ತು. ಹಾಗೆಯೇ ಆಯಿತು. ಒಳ್ಳೆಯವನು ಎಂದು ಅವನನ್ನು ಎಲ್ಲರೂ ಒಪ್ಪುತ್ತಿದ್ದರು, ಆದರೆ ಯಾರೊಬ್ಬರೂ ನಗದೆ ಆ ಮಾತು ಹೇಳಿದ್ದನ್ನು ಅವಳು ಕೇಳಿರಲಿಲ್ಲ.

ಆ ಮನೆಯ ಕೆಲಸ ಎರಡು ಪಾಲು. ಬೆಳಗಾದರೆ ಚಿಕ್ಕರಾಜು ದೊಡ್ಡ ಕುರಿಗಳನ್ನು ಹೊಡೆದುಕೊಂಡು ಗುಡ್ಡಕ್ಕೆ ಹೋಗುತ್ತಾನೆ. ಮರಿಗಳನ್ನು ಹಟ್ಟಿಯ ರೊಪ್ಪದಲ್ಲಿ, ಅಂದರೆ ಕಲ್ಲುಗೋಡೆಯ ಕುರಿದೊಡ್ಡಿಯಲ್ಲಿ, ಉಳಿಸಿಕೊಂಡು ನೋಡಿಕೊಳ್ಳುವವಳು ಯಶೋದ. ಹುರುಳಿ ಹಾಕಿದ ಡಬ್ಬ ಕುಲುಕಿ ‘ತುರ್… ತುರ್’ ಎಂದರೆ ಮರಿಗಳೆಲ್ಲ ಅವಳ ಸೆರಗಿಗೆ ಮುತ್ತಿಕೊಳ್ಳುತ್ತವೆ. ಮರಿ ಬಲಿತು ಮಂದೆಗೆ ಸೇರಿದ ದಿನದಿಂದ ಅದಕ್ಕೆ ಗಂಡಸಿನ ಕೂಗೇ ಕೂಗು. ಕುರುಬ ಕರೆದನೆಂದರೆ ನಡುವೆ ಮುಳ್ಳಿರಲಿ ಹಳ್ಳವಿರಲಿ, ಮಂದೆ ನೆಟ್ಟಗೆ ಆ ದನಿಯ ಕಡೆಗೇ ನುಗ್ಗುತ್ತದೆ. ಮಂದೆಯ ಮುಂದಾಳು ಒಂದು ಟಗರು. ತಾಯಿ ಸತ್ತ ತಬ್ಬಲಿ ಮರಿಯಾಗಿದ್ದಾಗ ಯಶೋದ ಅದಕ್ಕೆ ಬಾಟಲಿಯಲ್ಲಿ ಹಾಲು ಕುಡಿಸಿ ಬದುಕಿಸಿದ್ದಳು. ಈಗ ಅದು ಕೊರಳಲ್ಲಿ ಗಂಟೆ ಕಟ್ಟಿಕೊಂಡು ಎಲ್ಲರಿಗಿಂತ ಮುಂದೆ ಗತ್ತಿನಲ್ಲಿ ನಡೆಯುತ್ತದೆಂದು ಚಿಕ್ಕರಾಜು ಅದಕ್ಕೆ ಚೇರ್ಮನ್ನು ಎಂದು ಹೆಸರಿಟ್ಟಿದ್ದ. ಚೇರ್ಮನ್ನು ಹೋದಲ್ಲಿಗೆ ಮಂದೆ ಹೋಗಲೇಬೇಕು.

ಹೋದ ವರ್ಷ ಕಡಲೆಕಾಯಿ ಕಿತ್ತು ಮುಗಿದ ದಿನಗಳು. ಯಶೋದ ಆಮೇಲೆ ಅವರಿವರನ್ನು ಕೇಳಿ ತಿಳಿದದ್ದು ಇಷ್ಟು.

ಹಟ್ಟಿಯ ಎದುರಿಗೇ ಹದ್ದಿನ ಬಂಡೆ ಎನ್ನುವ ಗುಡ್ಡ. ಹಟ್ಟಿಯ ಕಡೆ ಗೋಡೆ ಕಟ್ಟಿದ ಹಾಗೆ ಕಡಿದಾದ ಕಲ್ಲು, ಹಿಂದಿನ ಕಡೆ ಹುಲ್ಲು ಬೆಳೆದ ಸಲೀಸಾದ ಇಳಿಜಾರು. ಕಲ್ಲಿನ ಗೋಡೆಯಲ್ಲಿ, ನೆತ್ತಿಯಿಂದ ಎರಡಾಳು ಕೆಳಗೆ, ಮಂಚದಗಲ ಚಾಚಿಕೊಂಡ ಜಾಗವೊಂದಿದೆ. ಊರವರು ಅದನ್ನು ಜಗಲಿ ಎನ್ನುತ್ತಾರೆ. ಅಲ್ಲಿ ಬೆಳೆದ ಅತ್ತಿಗಿಡದ ಚಿಗುರಿನಾಸೆಗೆ ಕ್ಯಾತಮ್ಮನ ಮೇಕೆ ಹೋಗಿ ನಿಂತುಬಿಟ್ಟಿತ್ತು. ಮುದುಕಿಗೆ ಇರುವುದೇ ಅದೊಂದು ಮೇಕೆ, ಮರಿ ಹಾಕಿ ವಾರವಾಗಿರಲಿಲ್ಲ. ಎರಡೂ ಮರಿಗಳನ್ನು ಮಡಿಲಲ್ಲಿ ಹಾಕಿಕೊಂಡು ಅವಳು ಬಂಡೆಯ ಬುಡದಲ್ಲಿ ಕೂತು ಅಳುತ್ತಿದ್ದಳು.

ಹಟ್ಟಿಯ ಹಿರಿಯ ಮೂಡಲಗಿರಿಯಪ್ಪ, ‘ಬಾಯಾರಿಕೆ ಆದ್ರೆ ತಾನೇ ಇಳೀತದೆ, ಸುಮ್ಕಿರವ್ವ’ ಎಂದು ಸಮಾಧಾನ ಹೇಳುತ್ತಿದ್ದ. ಅಷ್ಟರಲ್ಲಿ ಗುಡ್ಡದ ಹಿಂದೆ ಕುರಿ ಮೇಯಿಸುತ್ತಿದ್ದ ಚಿಕ್ಕರಾಜುವಿಗೆ ಅಳು ಕೇಳಿಸಿತು. ಅಳು ಕೇಳಿಸಿದ ಮೇಲೆ ಅವನು ನಿಲ್ಲುವುದುಂಟೆ? ಮಂದೆಯನ್ನು ಇಳಿಜಾರಿನ ಬುಡದಲ್ಲೇ ಬಿಟ್ಟು ನೆತ್ತಿಗೆ ಏರಿ ಬಂದ.

‘ಅಳ್ಬ್ಯಾಡ ಕಣಮ್ಮ. ಇನ್ನೊಂದ್ ಗಳಿಗೆಗೆ ನಿನ್ ಮೇಕೆ ನಿನ್ ಮುಂದೆ ಇರ್ತದೆ.’

‘ಬ್ಯಾಡ ಕಣ್ಲಾ, ಕಾಲು ಜಾರ್ತದೆ’ ಎಂದ ಮೂಡಲಗಿರಿಯಪ್ಪ ಕೆಳಗಿನಿಂದ.

‘ನಮ್ಮಜ್ಜನ ಕಾಲದ ಕಂಬಳಿ ಐತೆ ಮಾವ. ಆನೆ ಎಳುದ್ರೂ ಹರಿಯಕಿಲ್ಲ.’

ಕಂಬಳಿಯ ಒಂದು ತುದಿಯನ್ನು ನೆತ್ತಿಯಲ್ಲಿದ್ದ ಬಂದ್ರೆ ಎಂಬ ಕುರುಚಲು ಗಿಡಕ್ಕೆ ಬಿಗಿದು, ಇನ್ನೊಂದು ತುದಿ ಹಿಡಿದುಕೊಂಡು ಇಳಿದ. ಹೇಳಿದ ಹಾಗೆ ಕಂಬಳಿ ಹರಿಯಲಿಲ್ಲ. ಬಂದ್ರೆ ಗಿಡ ಬೇರುಸಮೇತ ಕಿತ್ತುಕೊಂಡು ಬಂತು.

ಗಿಡ, ಕಂಬಳಿ, ಚಿಕ್ಕರಾಜು ಎಲ್ಲ ಒಟ್ಟಿಗೆ ಜಗಲಿಯ ಮೇಲೆ ಬಿದ್ದದ್ದೇ ಮೇಕೆ ಹೆದರಿ ಹಾರಿತು. ಇಲ್ಲೊಂದು ಬಿರುಕು, ಅಲ್ಲೊಂದು ಉಬ್ಬು, ಎಲ್ಲಿ ಕಾಲಿಡಬೇಕೋ ಅದಕ್ಕೆ ಮೊದಲೇ ಗೊತ್ತಿದ್ದ ಹಾಗೆ ನಾಲ್ಕೇ ನೆಗೆತಕ್ಕೆ ನೆಲ ಮುಟ್ಟಿತು. ಬಿದ್ದ ಗಾಬರಿಯಲ್ಲೂ ಅದು ಹಾರುವುದನ್ನು ಕಂಡ ಚಿಕ್ಕರಾಜು, ತಡೆದು ಕರೆಯೋಣವೆಂದು ರೂಢಿಯ ಬಲದಿಂದ ‘ಹೋ… ಹುರ್ರೋ’ ಎಂದುಬಿಟ್ಟ. ಮೇಕೆ ಕೇಳಲಿಲ್ಲ. ಗುಡ್ಡದ ಹಿಂದಿದ್ದ ಅವನ ಮಂದೆ ಕೇಳಿಸಿಕೊಂಡಿತು.

ಯಶೋದ ಬುತ್ತಿಯ ಡಬ್ಬಿ ಹಿಡಿದುಕೊಂಡು ಬಂದದ್ದು ಈ ಹೊತ್ತಿಗೆ. ಬಂಡೆಯ ಬುಡದಲ್ಲಿ ಹಟ್ಟಿಯ ಅರ್ಧ ಜನ ಸೇರಿದ್ದರು. ಹಾಲಿನ ಗಾಡಿ ಓಡಿಸುವ ಚಿರಂಜೀವಿ ಫೋನು ಮೇಲೆತ್ತಿ ವಿಡಿಯೋ ಮಾಡುತ್ತಿದ್ದ. ಮೇಕೆ ಆರಾಮಾಗಿ ನಿಂತು ಮರಿಗಳಿಗೆ ಹಾಲೂಡಿಸುತ್ತಿತ್ತು. ಮೇಲೆ ಜಗಲಿಯಲ್ಲಿ ಅವಳ ಗಂಡ ಗೋಡೆಗೊರಗಿ ಕೂತಿದ್ದ, ಕಾಲ ಮೇಲೆ ಕಂಬಳಿ ಬಿದ್ದಿತ್ತು, ಪಕ್ಕದಲ್ಲಿ ಗಿಡ.

‘ನೋಡ್ರಪ್ಪ, ಮೇಕೆ ಕೆಳಗೈತೆ, ಇಳ್ಸಕ್ಕೋದೋರು ಮೇಲವ್ರೆ’ ಎಂದು ಚಿರಂಜೀವಿ ವಿಡಿಯೋಗೆ ವಿವರಣೆ ಕೊಡುತ್ತಿದ್ದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಯಶೋದಳಿಗೂ ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಅಡ್ಡ ಹಿಡಿದು ಜೋರಾಗಿಯೇ ನಕ್ಕಳು. ನಗುತ್ತಿರುವಾಗಲೇ ಮದುವೆಯ ದಿನ ಅನ್ನಿಸಿದ್ದು ಮತ್ತೆ ನೆನಪಾಯಿತು.

‘ಮಾತಾಡ್ಲಾ ಚಿಕ್ಕರಾಜು, ಎಂಗೈತೆ ಗಾಳಿ ಅಲ್ಲಿ?’ ಎಂದು ಯಾರೋ ಕೂಗಿದರು. ಅವನು ಉತ್ತರ ಕೊಡಲಿಲ್ಲ. ‘ಪೆಟ್ಟಾಗೈತೇನ್ಲಾ?’ ಎಂದು ಮೂಡಲಗಿರಿಯಪ್ಪ ಕೇಳಿದ. ಅದಕ್ಕೂ ಇಲ್ಲ. ಸುಮ್ಮನೆ ಕೈ ಬೀಸಿದ. ‘ನಾಚ್ಕೆ ಆಗೈತೆ, ಓಗ್ರಿ ಓಗ್ರಿ ಅಂತವ್ನೆ’ ಎಂದು ಜನ ಮತ್ತೆ ನಕ್ಕರು.

ಯಶೋದಳ ನಗು ಅಲ್ಲಿಗೆ ನಿಂತಿತು. ತಿಪ್ಪೆಯಲ್ಲಿ ಬಿದ್ದಾಗಲೂ ಅವನು ಎದ್ದು ಬರುವಷ್ಟರಲ್ಲಿ ನಾಲ್ಕು ಮಾತಾಡಿದ್ದ. ಹೆಂಚು ಒಡೆದು ಬಿದ್ದಾಗ, ಸೋರುತ್ತಿದ್ದ ಜಾಗ ಸರಿಯಾಗಿ ಇದೇ ನೋಡು ಎಂದು ಇಂದ್ರಮ್ಮನಿಗೇ ತೋರಿಸಿದ್ದ. ನಾಚಿಕೆ ಎಂಬುದು ಆ ಮನುಷ್ಯನಿಗೆ ಗೊತ್ತೇ ಇಲ್ಲ. ಅವನು ಸುಮ್ಮನಿದ್ದಾನೆ ಎಂದರೆ ಏನೋ ಇದೆ.

ಅವಳು ಹತ್ತಿರ ಹೋಗಿ ಕತ್ತೆತ್ತಿ ನೋಡಿದಳು. ಅವನು ಬಾಯಿಗೆ ಹೆಗಲ ಟವಲು ತುರುಕಿಕೊಂಡಿದ್ದ, ಅದನ್ನು ಹಲ್ಲಲ್ಲಿ ಕಚ್ಚಿ ಹಿಡಿದಿದ್ದ. ಮುಖದಲ್ಲಿ ಬೆವರು ಧಾರಾಕಾರ ಸುರಿಯುತ್ತಿತ್ತು. ಕಂಬಳಿಯಡಿಯಿಂದ ಚಾಚಿದ ಪಾದ ತಿರುಗಬಾರದ ಕಡೆಗೆ ತಿರುಗಿತ್ತು. ಅವಳನ್ನು ಕಂಡದ್ದೇ ಅವನು ಬೆರಳೆತ್ತಿ ಮೇಲಕ್ಕೆ ತೋರಿಸಿದ. ನೆತ್ತಿಯ ಅಂಚಿನಲ್ಲಿ ಎರಡು ಕೊಂಬು ಕಾಣಿಸಿದವು. ಗಂಟೆ ಒಮ್ಮೆ ಟಿಣ್ ಎಂದಿತು. ಕೊಂಬುಗಳ ಹಿಂದೆ ಅಂಚಿನುದ್ದಕ್ಕೂ ಕರಿ ಮೂತಿ, ಬಿಳಿ ಮೂತಿ, ಕೆಳಗಿರುವ ಯಜಮಾನನನ್ನು ಇಣುಕಿ ನೋಡುತ್ತಿದ್ದವು.

ಕುರುಬರ ಮನೆಯ ಹೆಣ್ಣಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಅವನೊಂದು ಸಲ ಅಮ್ಮಾ ಎಂದರೂ ಸಾಕು. ಆ ದನಿಗೆ ಚೇರ್ಮನ್ನು ಕಾಲು ಮುಂದಿಡುತ್ತದೆ, ಅದರ ಬೆನ್ನಿಗೆ ಮಂದೆಯೆಲ್ಲ ಒಂದರ ಮೇಲೊಂದು ಈ ಕಲ್ಲಿನ ಗೋಡೆಯಿಂದ ಕೆಳಗೆ ಉದುರುತ್ತದೆ, ಅವನ ಮೇಲೆಯೇ ಬಿದ್ದು ಹೋಗುತ್ತದೆ. ಮುರಿದ ಕಾಲಿಟ್ಟುಕೊಂಡು, ಜನರ ನಗುವನ್ನೆಲ್ಲ ಕೇಳಿಸಿಕೊಂಡು, ಆ ವಾಚಾಳಿ ಮನುಷ್ಯ ಅದಕ್ಕೇ ಬಾಯಿಗೆ ಬಟ್ಟೆ ತುರುಕಿಕೊಂಡಿದ್ದ.

‘ಯಾರೂ ಬಾವನ್ನ ಮಾತಾಡುಸ್ಬ್ಯಾಡ್ರಿ’ ಎಂದಳು ಯಶೋದ. ಅವಳ ದನಿ ಕೇಳಿ ಜನ ತಿರುಗಿದರು. ‘ಕಾಲು ಮುರುದೈತೆ. ಬಾಯಿ ಬುಟ್ರೆ ಕುರಿಯೆಲ್ಲ ಕೆಳಕ್ ಬತ್ತವೆ, ಅದ್ಕೇ ಕಚ್ಕೊಂಡ್ ಕುಂತವ್ನೆ.’

ನಗು ಒಂದೇ ಏಟಿಗೆ ಆರಿತು. ಚಿರಂಜೀವಿ ಫೋನು ಇಳಿಸಿದ. ಶಿರಾದ ಅಗ್ನಿಶಾಮಕದವರಿಗೆ ಫೋನು ಮಾಡು, ಸೈರನ್ ಹಾಕದೆ ಬರಬೇಕೆಂದು ಹೇಳು ಎಂದು ಯಶೋದ ಅವನಿಗೆ ಹೇಳಿದಳು. ಮೂಡಲಗಿರಿಯಪ್ಪ ಕೋಲು ಹಿಡಿದು, ‘ನಾನೋಗಿ ತಿರುಗುಸ್ಕೊಂಡ್ ಬತ್ತೀನಿ ಕಣಮ್ಮ’ ಎಂದು ಹೊರಟ. ಅವಳು ತಡೆದಳು.

‘ನಿನ್ ಗುರ್ತು ಇಲ್ಲ ಅವಕ್ಕೆ. ಬೆದ್ರುದ್ರೆ ಮುಂದಕ್ಕೇ ಹಾರ್ತವೆ ಮಾವ. ನಾನೇ ಓಗ್ತೀನಿ.’

‘ನೀನ್ಯಾವತ್ತು ಮಂದೆ ತಿರುಗ್ಸಿದ್ದೆ?’

ಅವಳು ಆಗಲೇ ಬುತ್ತಿಯ ಡಬ್ಬಿ ಹಿಡಿದೇ ಹೊರಟಿದ್ದಳು.

ಸುತ್ತು ಹಾಕಿಕೊಂಡು ಹಿಂದಿನ ಇಳಿಜಾರು ಹತ್ತಿದಳು. ನೆತ್ತಿ ತಲುಪಿದಾಗ ಕಂಡದ್ದು ಬರೀ ಕುರಿಗಳ ಬೆನ್ನು. ಚೇರ್ಮನ್ನಿನ ಒಂದು ಮುಂಗಾಲು ಅಂಚು ದಾಟಿ ಇಳಿಜಾರು ಕಲ್ಲಿನ ಮೇಲಿತ್ತು. ಹತ್ತಿರ ಹೋದರೆ ಬೆದರುತ್ತವೆ, ಕೂಗಿದರೆ ಬೆಚ್ಚುತ್ತವೆ. ಅವಳು ದೂರದಲ್ಲೇ, ರೊಪ್ಪದಲ್ಲಿ ಮರಿಗಳ ನಡುವೆ ಕೂರುವ ಹಾಗೆ, ನೆಲಕ್ಕೆ ಕೂತಳು. ಕೈಯಲ್ಲಿ ಹುರುಳಿ ಡಬ್ಬ ಇರಲಿಲ್ಲ, ಗಂಡನ ಬುತ್ತಿ ಇತ್ತು. ಮುದ್ದೆಯನ್ನು ತೆಗೆದು ಸೆರಗಿನಲ್ಲಿಟ್ಟುಕೊಂಡು, ಡಬ್ಬಿಗೆ ಹಿಡಿ ಸಣ್ಣ ಕಲ್ಲು ಹಾಕಿ ಮೆಲ್ಲಗೆ ಕುಲುಕಿದಳು.

‘ತುರ್… ತುರ್…’

ಬಿಳಿಕಿವಿಯ ಮುದಿ ಕುರಿಯೊಂದು ತಲೆ ತಿರುಗಿಸಿತು. ಅದು ಮರಿಯಾಗಿದ್ದಾಗ ದಿನಾ ಅವಳ ಬಳೆ ನೆಕ್ಕುತ್ತಿತ್ತು. ಅವಳು ಇನ್ನೊಮ್ಮೆ ಕುಲುಕಿದಳು. ಇನ್ನೆರಡು ತಿರುಗಿದವು, ಆಮೇಲೆ ಇನ್ನಷ್ಟು. ಆ ಮಂದೆಯಲ್ಲಿ ಅವಳ ಕೈಯಿಂದ ತಿನ್ನದೆ ಬೆಳೆದ ಕುರಿ ಒಂದೂ ಇರಲಿಲ್ಲ. ಆದರೆ ಚೇರ್ಮನ್ನು ತಿರುಗಲಿಲ್ಲ. ಅದು ತಿರುಗದಿದ್ದರೆ ಉಳಿದವು ತಿರುಗಿಯೂ ಪ್ರಯೋಜನವಿಲ್ಲ. ಅದು ಕೆಳಗಿನ ಯಜಮಾನನನ್ನೇ ನೋಡುತ್ತಾ, ಇನ್ನೊಂದು ಕಾಲು ಇಡಲೋ ಬೇಡವೋ ಎಂದು ಕಲ್ಲು ಮೂಸುತ್ತಿತ್ತು.

ಯಶೋದಳಿಗೆ ಅಳುವೂ ಬಂತು, ಸಿಟ್ಟೂ ಬಂತು.

‘ಲೇ ಚೇರ್ಮನ್ನು’ ಎಂದಳು, ಹಸುಗೂಸನ್ನು ಗದರಿಸುವ ದನಿಯಲ್ಲಿ. ‘ನಿಂಗೆ ಹಾಲು ಕುಡ್ಸಿ ಬದುಕ್ಸಿದ್ದು ಯಾರ್ಲಾ? ಅವ್ನೇನ್ಲಾ? ಬಾ ಇಲ್ಲಿ.’

ಗಂಟೆ ಟಿಣ್ ಎಂದಿತು. ಚೇರ್ಮನ್ನು ಕಾಲು ಹಿಂದಕ್ಕೆ ಎಳೆದುಕೊಂಡಿತು. ಮಂದೆಯನ್ನು ಸೀಳಿಕೊಂಡು ಗತ್ತಿನಲ್ಲಿಯೇ ನಡೆದು ಬಂದು ಡಬ್ಬಿಗೆ ಮೂತಿ ಹಾಕಿತು. ಒಳಗೆ ಕಲ್ಲು. ಅದು ತಲೆ ಎತ್ತಿ ಅವಳ ಮುಖ ನೋಡಿದ ರೀತಿಗೆ ಅವಳಿಗೆ ಅಷ್ಟು ಸಂಕಟದಲ್ಲೂ ನಾಚಿಕೆಯಾಯಿತು. ಸೆರಗಿನ ಮುದ್ದೆ ಮುರಿದು ಅದರ ಬಾಯಿಗಿಟ್ಟಳು.

ಆಮೇಲೆ ಎದ್ದು, ಹಿಂದೆ ತಿರುಗಿ ನೋಡದೆ ಇಳಿಯತೊಡಗಿದಳು. ಹಿಂದೆ ಗಂಟೆ ಸದ್ದು ಬರುತ್ತಿದೆಯೇ ಎಂದು ಕಿವಿಗೊಟ್ಟು ನಡೆದಳು. ಬರುತ್ತಿತ್ತು. ಬಂಡೆಯ ಆ ಬದಿಯಲ್ಲಿ ಇನ್ನೊಬ್ಬನೂ ಅದೇ ಸದ್ದಿಗೆ ಕಿವಿಗೊಟ್ಟು ಕೂತಿದ್ದಾನೆ ಎಂದು ಅವಳಿಗೆ ಗೊತ್ತಿತ್ತು. ಗಂಟೆ ನೆತ್ತಿ ಬಿಟ್ಟಿತು, ಇಳಿಜಾರು ಇಳಿಯಿತು, ಗುಡ್ಡ ಸುತ್ತಿ ಹಟ್ಟಿಯ ದಾರಿ ಹಿಡಿಯಿತು. ದಾರಿಯಲ್ಲಿ ನಿಂತಿದ್ದ ಜನ ಪಕ್ಕಕ್ಕೆ ಸರಿದರು. ಕೊನೆಯ ಕುರಿಯನ್ನು ರೊಪ್ಪಕ್ಕೆ ಸೇರಿಸಿ, ಮುಳ್ಳಿನ ಬಾಗಿಲೆಳೆದು ಕಟ್ಟಿ, ಯಶೋದ ರೊಪ್ಪದ ಕಲ್ಲುಗೋಡೆ ಹತ್ತಿ ನಿಂತಳು. ಬಂಡೆಯ ಕಡೆ ಮುಖ ಮಾಡಿ, ತನಗಿದೆ ಎಂದು ತನಗೇ ಗೊತ್ತಿಲ್ಲದ ಗಂಟಲಿನಲ್ಲಿ ಕೂಗಿದಳು.

‘ಬಾವಾ, ಬಾಗ್ಲು ಕಟ್ಟಿದ್ದೀನಿ. ಇನ್ ಬಾಯ್ಬುಟ್ಟು ಅತ್ಕೋ.’

ಬಂಡೆಯಿಂದ ಅವನ ಕೂಗು ಬಂತು. ಅಷ್ಟು ಹೊತ್ತು ನುಂಗಿಟ್ಟುಕೊಂಡ ನೋವೆಲ್ಲ ಒಟ್ಟಿಗೆ ಹೊರಬಂದ ಕೂಗು ಅದು. ಕೆರೆಯಲ್ಲಿ ಬಟ್ಟೆ ಒಗೆಯುವವರು ಎದ್ದು ನಿಂತರು. ರೊಪ್ಪದೊಳಗೆ ಮಂದೆಯೆಲ್ಲ ಆ ದನಿಯ ಕಡೆಗೆ ನುಗ್ಗಿ ಕಲ್ಲುಗೋಡೆಗೆ ಎದೆ ಕೊಟ್ಟು ನಿಂತಿತು. ಗೋಡೆ ಅಲುಗಿತು. ಅದನ್ನು ಕಣ್ಣಾರೆ ಕಂಡ ಮೂಡಲಗಿರಿಯಪ್ಪ ತಲೆಯ ಪೇಟ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಅಗ್ನಿಶಾಮಕದವರು ಹಗ್ಗ ಕಟ್ಟಿ ಇಳಿಸುವಾಗ ಚಿಕ್ಕರಾಜು ಮತ್ತೆ ಶುರುಹಚ್ಚಿಕೊಂಡಿದ್ದ. ಗಂಟು ಹೀಗಲ್ಲ ಹಾಗೆ ಹಾಕಿ ಎಂದು ಅವರಿಗೇ ಹೇಳಿಕೊಡುತ್ತಿದ್ದ. ನೆಲ ಮುಟ್ಟಿದ ಮೇಲೆ ಹೆಂಡತಿಯನ್ನು ಕೇಳಿದ ಮೊದಲ ಮಾತು, ‘ಎಲ್ಲಾ ಬಂದ್ವಾ?’ ಎಂದು. ಎರಡನೆಯದು, ‘ಕಂಬಳಿ ಹರೀನಿಲ್ಲ ನೋಡ್ದಾ?’ ಮೂರನೆಯದು, ‘ಬುತ್ತಿ ಎಲ್ಲಿ?’

‘ಚೇರ್ಮನ್ನು ತಿಂತು’ ಎಂದಳು ಯಶೋದ. ಕಣ್ಣು ತುಂಬಿಕೊಂಡೇ ಇಬ್ಬರೂ ನಕ್ಕರು.

ಕಾಲಿಗೆ ರಾಡು ಹಾಕಿದ್ದಾರೆ, ಸ್ವಲ್ಪ ಕುಂಟು ಉಳಿದಿದೆ. ಮಂದೆ ಈಗ ಯಶೋದಳದು. ಗಂಡನ ಅಜ್ಜನ ಕಾಲದ ಅದೇ ಕಂಬಳಿ ಹೆಗಲ ಮೇಲೆ ಹಾಕಿಕೊಂಡು ಗುಡ್ಡಕ್ಕೆ ಹೋಗುವವಳು ಅವಳೇ. ಚಿಕ್ಕರಾಜು ರೊಪ್ಪದಲ್ಲಿ ಮರಿಗಳ ನಡುವೆ ಕೂತು ಹುರುಳಿ ಡಬ್ಬ ಕುಲುಕುತ್ತಾ, ಅವು ಕೇಳಲಿ ಬಿಡಲಿ, ದಿನವಿಡೀ ಅವುಗಳ ಜೊತೆ ಮಾತಾಡುತ್ತಾನೆ. ಮೊನ್ನೆ ಕ್ಯಾತಮ್ಮನ ಮನೆಯ ಹೆಂಚು ಸರಿಮಾಡುತ್ತೇನೆಂದು ಕುಂಟುತ್ತಲೇ ಏಣಿ ಹುಡುಕುತ್ತಿದ್ದ. ಏಣಿಯನ್ನು ಯಶೋದ ಅಡಗಿಸಿಟ್ಟಿದ್ದಾಳೆ.

ವಿಡಿಯೋ ಮಾತ್ರ ನಿಂತಿಲ್ಲ. ಚಿರಂಜೀವಿ ಅಳಿಸಿಹಾಕಿದ, ಆದರೆ ಅಷ್ಟರಲ್ಲಿ ಅದು ಶಿರಾ ದಾಟಿ ಮಧುಗಿರಿ, ಪಾವಗಡದವರೆಗೆ ಹೋಗಿತ್ತು. ಯುಗಾದಿಗೆ ತವರಿಗೆ ಹೋದಾಗ ಅವಳ ತಾಯಿಯ ಮನೆಯಲ್ಲೇ ಯಾರೋ ನೆಂಟರು ಅದನ್ನು ಹಾಕಿ ನಗತೊಡಗಿದರು. ಜಗಲಿಯ ಮೇಲೆ ಕೂತ ಅವನು, ಪಕ್ಕದಲ್ಲಿ ಬೇರುಸಮೇತ ಗಿಡ. ತಾಯಿ ಮಗಳ ಮುಖ ನೋಡಿ, ‘ಆಪಮ್ಮಾ, ಆಪು’ ಎಂದು ಅವರನ್ನು ತಡೆಯಲು ಹೋದಳು.

‘ನಿಲ್ಲುಸ್ಬ್ಯಾಡಮ್ಮ’ ಎಂದಳು ಯಶೋದ. ಫೋನು ಇಸಿದುಕೊಂಡು ಸದ್ದು ಪೂರ್ತಿ ಜೋರು ಮಾಡಿ ಎಲ್ಲರ ನಡುವೆ ಇಟ್ಟಳು. ‘ಕೇಳ್ರಿ. ಇದ್ರಾಗೆ ಹಟ್ಟಿ ಜನ ನಗಾದು ಕೇಳ್ತದೆ. ಇಗೋ, ಇದು ನಾನು ನಗಾದು. ಮೇಕೆ ಮರಿ ಅರಚೋದೂ ಐತೆ. ಮುರುದ ಕಾಲ್ ಇಟ್ಕೊಂಡು, ಕುರಿ ಉಳೀಲಿ ಅಂತ ಕುಂತವ್ನಲ್ಲ, ನಮ್ ಬಾವ, ಅವನ್ ದನಿ ಎಲ್ಲಾದ್ರೂ ಕೇಳ್ತದಾ ನೋಡ್ರಿ.’

ನೆಂಟರು ಕಿವಿಗೊಟ್ಟರು. ವಿಡಿಯೋ ಮುಗಿಯುವವರೆಗೂ ಆ ಮನೆಯಲ್ಲಿ ಯಾರೂ ನಗಲಿಲ್ಲ.